ಫ್ರಾಂಜ್ ಬೋವಾಸ್: ಅಳತೆಪಟ್ಟಿ ಹಿಡಿದು ಜನಾಂಗಭೇದವನ್ನು ಎದುರಿಸಿದ ವಿಜ್ಞಾನಿ

ಮನೆಯಲ್ಲಿ ಮಗು ಹುಟ್ಟಿತೆಂದರೆ ನೋಡಲು ಬಂದ ನೆಂಟರೆಲ್ಲ ಮೊದಲು ವಿಚಾರಿಸುವುದು ಅದು ಯಾರ ಹಾಗಿದೆ ಎಂಬುದನ್ನೇ. ಮೂಗು ಅಜ್ಜನದು, ಕಣ್ಣು ತಾಯಿಯದು, ಬಣ್ಣ ಸೋದರತ್ತೆಯದು ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಒಂದೇ ತಂದೆ ತಾಯಿಗೆ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಒಬ್ಬರು ಬೆಳ್ಳಗೆ, ಒಬ್ಬರು ಎಣ್ಣೆಗಪ್ಪು, ಒಬ್ಬರು ಎತ್ತರ, ಇನ್ನೊಬ್ಬರು ಗಿಡ್ಡ ಆಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗಾದರೆ ತಂದೆ ಒಂದು ಖಂಡದವನು, ತಾಯಿ ಇನ್ನೊಂದು ಖಂಡದವಳು ಆದರೆ ಹುಟ್ಟುವ ಮಗು ಹೇಗಿರುತ್ತದೆ? ಇಬ್ಬರ ಗುಣಗಳೂ ಹಾಲು ನೀರಿನಂತೆ ಬೆರೆತುಹೋಗುತ್ತವೆಯೇ, ಅಥವಾ ಒಬ್ಬರದು ಮಾತ್ರ ಮೇಲುಗೈ ಆಗುತ್ತದೆಯೇ?

ಇಂದು ಇದು ಜೀವಶಾಸ್ತ್ರದ ತರಗತಿಯ ಪ್ರಶ್ನೆ. ಆದರೆ ನೂರು ವರ್ಷಗಳ ಹಿಂದೆ ಈ ಪ್ರಶ್ನೆಗೆ ಸಿಕ್ಕ ತಪ್ಪು ಉತ್ತರಗಳ ಮೇಲೆ ಸರಕಾರಗಳು ಕಾನೂನು ಮಾಡಿದವು, ಮದುವೆಗಳನ್ನು ನಿಷೇಧಿಸಿದವು, ವಲಸಿಗರಿಗೆ ಬಾಗಿಲು ಮುಚ್ಚಿದವು. ಮಿಶ್ರ ಸಂತಾನ ಎಂದರೆ ದುರ್ಬಲ ಸಂತಾನ ಎಂದು ದೊಡ್ಡ ದೊಡ್ಡ ವಿದ್ವಾಂಸರೇ ಬರೆಯುತ್ತಿದ್ದ ಕಾಲವದು. ಆ ಕಾಲದಲ್ಲಿ ಅಳತೆಪಟ್ಟಿ ಕೈಯಲ್ಲಿ ಹಿಡಿದು ಸಾವಿರಾರು ಜನರನ್ನು ಅಳೆದು, ಅಂಕಿಅಂಶಗಳನ್ನು ಮುಂದಿಟ್ಟು, ಈ ನಂಬಿಕೆಗೆ ಆಧಾರವಿಲ್ಲ ಎಂದು ತೋರಿಸಿಕೊಟ್ಟವರು ಫ್ರಾಂಜ್ ಬೋವಾಸ್. ಅಮೆರಿಕದಲ್ಲಿ ಮಾನವಶಾಸ್ತ್ರಕ್ಕೆ ಭದ್ರ ಬುನಾದಿ ಹಾಕಿದ ಈ ವಿದ್ವಾಂಸರ ಬದುಕು ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕಾದದ್ದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬೋವಾಸ್ 1858ರ ಜುಲೈ 9ರಂದು ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದ ಮಿಂಡೆನ್ ಎಂಬ ಊರಿನಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದರು. ತಂದೆ ಮೈಯರ್ ಬೋವಾಸ್ ವ್ಯಾಪಾರಿ. ತಾಯಿ ಸೋಫಿ ತಮ್ಮ ಊರಿನಲ್ಲಿ ಶಿಶುವಿಹಾರ ಆರಂಭಿಸಿದ ವಿದ್ಯಾವಂತ ಮಹಿಳೆ. ಮನೆಯಲ್ಲಿ ಪುಸ್ತಕಗಳಿದ್ದವು, ಚರ್ಚೆಗೆ ಅವಕಾಶವಿತ್ತು. ಹೊರಗಿನ ಸಮಾಜದಲ್ಲಿ ಮಾತ್ರ ಯಹೂದಿಗಳ ಬಗ್ಗೆ ತಾತ್ಸಾರ ಬೆಳೆಯುತ್ತಿತ್ತು.

ಹೈಡೆಲ್‌ಬರ್ಗ್, ಬಾನ್, ಕೀಲ್ ವಿಶ್ವವಿದ್ಯಾಲಯಗಳಲ್ಲಿ ಅವರು ಓದಿದ್ದು ಭೌತಶಾಸ್ತ್ರ, ಗಣಿತ ಮತ್ತು ಭೂಗೋಳ. 1881ರಲ್ಲಿ ಕೀಲ್ ವಿಶ್ವವಿದ್ಯಾಲಯದಿಂದ ಪಡೆದ ಡಾಕ್ಟರೇಟ್ ನೀರಿನ ಬಣ್ಣದ ಕುರಿತಾದ ಅಧ್ಯಯನಕ್ಕೆ. ನೀರಿನ ಬಣ್ಣದಿಂದ ಆರಂಭಿಸಿದ ಮನುಷ್ಯ ಮುಂದೆ ಮನುಷ್ಯರ ಬಣ್ಣದ ಪ್ರಶ್ನೆಗೆ ಬಂದು ನಿಂತದ್ದು ವಿಶೇಷ. ಭೌತಶಾಸ್ತ್ರ ಕಲಿಸಿದ ಒಂದು ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅಳೆಯದೆ ಏನನ್ನೂ ಹೇಳಬಾರದು, ಅಳೆದದ್ದಕ್ಕಿಂತ ಹೆಚ್ಚು ಹೇಳಬಾರದು ಎಂಬುದೇ ಆ ಅಭ್ಯಾಸ.

1883ರಲ್ಲಿ ಅವರು ಉತ್ತರ ಧ್ರುವದ ಸಮೀಪದ ಬ್ಯಾಫಿನ್ ದ್ವೀಪಕ್ಕೆ ಹೋದರು. ನಕ್ಷೆ ತಯಾರಿಸುವುದು ಅವರ ಕೆಲಸ. ಅಲ್ಲಿ ಒಂದು ವರ್ಷ ಇನ್ಯೂಟ್ ಜನರ ನಡುವೆ ಬದುಕಿದರು. ಕೊರೆಯುವ ಹಿಮದಲ್ಲಿ ದಾರಿ ತಪ್ಪಿದಾಗ, ಆಹಾರ ಮುಗಿದಾಗ ಕಾಪಾಡಿದ್ದು ಯುರೋಪಿನವರು ಅನಾಗರಿಕರೆಂದು ಕರೆಯುತ್ತಿದ್ದ ಈ ಜನರೇ. ಇದ್ದುದನ್ನು ಹಂಚಿಕೊಂಡು ತಿನ್ನುವ ಅವರ ರೀತಿ ಕಂಡು, ನಾಗರಿಕ ಎಂಬ ಪದದ ಅರ್ಥವನ್ನೇ ಬೋವಾಸ್ ಮತ್ತೆ ಯೋಚಿಸಬೇಕಾಯಿತು. ಭೂಗೋಳದ ವಿದ್ಯಾರ್ಥಿಯಾಗಿ ಹೋದವರು ಮಾನವಶಾಸ್ತ್ರದ ವಿದ್ಯಾರ್ಥಿಯಾಗಿ ಮರಳಿದರು.

ಬರ್ಲಿನ್‌ನಲ್ಲಿ ಅವರ ಮೇಲೆ ಪ್ರಭಾವ ಬೀರಿದವರಲ್ಲಿ ಪ್ರಸಿದ್ಧ ವೈದ್ಯ ರುಡಾಲ್ಫ್ ವಿರ್ಖೋವ್ ಒಬ್ಬರು. ವಿರ್ಖೋವ್ ಜರ್ಮನಿಯ ಸುಮಾರು 67 ಲಕ್ಷ ಶಾಲಾ ಮಕ್ಕಳ ಕೂದಲು, ಕಣ್ಣು ಮತ್ತು ಚರ್ಮದ ಬಣ್ಣದ ಲೆಕ್ಕ ತೆಗೆಸಿದ್ದರು. ಜರ್ಮನರೆಂದರೆ ಎಲ್ಲರೂ ಹೊಂಬಣ್ಣದ ಕೂದಲಿನವರು, ಯಹೂದಿಗಳೆಂದರೆ ಎಲ್ಲರೂ ಕಪ್ಪು ಕೂದಲಿನವರು ಎಂಬ ಜನಪ್ರಿಯ ಮಾತು ಆ ಲೆಕ್ಕದ ಮುಂದೆ ನಿಲ್ಲಲಿಲ್ಲ. ಯಹೂದಿ ಮಕ್ಕಳಲ್ಲೂ ಹತ್ತರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಹೊಂಬಣ್ಣದ ಕೂದಲಿನವರಿದ್ದರು. ಗಾಳಿಮಾತಿಗೆ ಅಂಕಿಯಿಂದ ಉತ್ತರ ಕೊಡುವ ಈ ದಾರಿ ಬೋವಾಸರಿಗೆ ಹಿಡಿಸಿತು.

ಅಮೆರಿಕದಲ್ಲಿ ಮೊದಲ ಹೆಜ್ಜೆಗಳು

ಯಹೂದಿಯಾದ ತಮಗೆ ಜರ್ಮನಿಯಲ್ಲಿ ಒಳ್ಳೆಯ ಹುದ್ದೆ ಸಿಗುವುದು ಕಷ್ಟವೆಂದು ಅರಿತ ಬೋವಾಸ್ 1887ರಲ್ಲಿ ನ್ಯೂಯಾರ್ಕಿನಲ್ಲಿ ನೆಲೆಸಿದರು. ಅದೇ ವರ್ಷ ಮೇರಿ ಕ್ರಾಕೊವಿಟ್ಸರ್ ಅವರನ್ನು ವಿವಾಹವಾದರು. ಒಂದು ವಿಜ್ಞಾನ ಪತ್ರಿಕೆಯಲ್ಲಿ ಸಹಾಯಕ ಸಂಪಾದಕರಾಗಿ ದುಡಿದು, 1889ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅಲ್ಲಿ ಶಾಲಾ ಮಕ್ಕಳ ಬೆಳವಣಿಗೆಯನ್ನು ವರ್ಷ ವರ್ಷ ಅಳೆಯುವ ಕೆಲಸ ಕೈಗೊಂಡಾಗ ಊರಿನ ಪತ್ರಿಕೆಯೊಂದು ವಿರೋಧದ ಗದ್ದಲ ಎಬ್ಬಿಸಿತು. ಬೋವಾಸ್ ಕೆಲಸ ನಿಲ್ಲಿಸಲಿಲ್ಲ.

1893ರಲ್ಲಿ ಷಿಕಾಗೋದಲ್ಲಿ ದೊಡ್ಡ ವಿಶ್ವಮೇಳ ನಡೆಯಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಸಂದರ್ಭದಲ್ಲಿ. ಆ ಮೇಳದ ಮಾನವಶಾಸ್ತ್ರ ವಿಭಾಗಕ್ಕಾಗಿ ಬೋವಾಸ್ ಉತ್ತರ ಅಮೆರಿಕದ ಮೂಲನಿವಾಸಿಗಳ ಅಳತೆ ತೆಗೆಸಿದರು. ತರಬೇತಿ ಪಡೆದ ಯುವಕರು ಊರೂರು ಸುತ್ತಿ 15,000ಕ್ಕೂ ಹೆಚ್ಚು ಜನರ ಎತ್ತರ, ಮುಖದ ಅಗಲ, ತಲೆಯ ಉದ್ದ ಇತ್ಯಾದಿಗಳನ್ನು ದಾಖಲಿಸಿದರು. ಅವರಲ್ಲಿ ಮೂಲನಿವಾಸಿ ಮತ್ತು ಬಿಳಿಯ ಪೂರ್ವಜರಿಬ್ಬರನ್ನೂ ಪಡೆದ ಮಿಶ್ರ ಮನೆತನದವರೂ ಬಹಳಷ್ಟು ಮಂದಿ ಇದ್ದರು.

ಮಿಶ್ರ ಸಂತಾನದ ಮೊದಲ ದೊಡ್ಡ ಅಧ್ಯಯನ

ಈ ಅಂಕಿಗಳನ್ನು ಆಧರಿಸಿ 1894ರಲ್ಲಿ ಬೋವಾಸ್ ಪ್ರಕಟಿಸಿದ ಲೇಖನ ಅವರ ಜೀವನದ ಒಂದು ಮೈಲಿಗಲ್ಲು. ಮಿಶ್ರ ಸಂತಾನ ಒಂದೆರಡು ತಲೆಮಾರಿನಲ್ಲಿ ಸೊರಗಿ ಬಂಜೆಯಾಗುತ್ತದೆ ಎಂಬುದು ಆಗಿನ ಪಂಡಿತರಲ್ಲಿ ಹಲವರ ನಂಬಿಕೆಯಾಗಿತ್ತು. ಬೋವಾಸ್ 40 ವರ್ಷ ದಾಟಿದ ಹೆಂಗಸರ ಮಕ್ಕಳ ಸಂಖ್ಯೆ ಹೋಲಿಸಿ ನೋಡಿದರು. ಮೂಲನಿವಾಸಿ ತಾಯಂದಿರಿಗೆ ಸರಾಸರಿ ಸುಮಾರು 6 ಮಕ್ಕಳಾದರೆ ಮಿಶ್ರ ಮನೆತನದ ತಾಯಂದಿರಿಗೆ ಸುಮಾರು 8 ಮಕ್ಕಳಿದ್ದವು. ಎತ್ತರದಲ್ಲೂ ಮಿಶ್ರ ಸಂತಾನದವರು ಹಿಂದೆ ಬಿದ್ದಿರಲಿಲ್ಲ, ಎಷ್ಟೋ ಕಡೆ ಮೂಲನಿವಾಸಿಗಳಿಗಿಂತ ಎತ್ತರವಾಗಿಯೇ ಇದ್ದರು.

ಇದಕ್ಕಿಂತ ಮುಖ್ಯವಾದದ್ದು ಮುಖದ ಅಗಲದ ಸಂಗತಿ. ಮೂಲನಿವಾಸಿಗಳ ಮುಖ ಅಗಲ, ಬಿಳಿಯರ ಮುಖ ಕಿರಿದು. ಎರಡು ಬಣ್ಣ ಕಲಸಿದಂತೆ ಗುಣಗಳು ಬೆರೆಯುವುದಾದರೆ ಮಿಶ್ರ ಮಕ್ಕಳ ಮುಖ ಸರಿಯಾಗಿ ನಡುವಿನ ಅಳತೆಯದಾಗಿರಬೇಕಿತ್ತು. ಆದರೆ ಹಲವು ಮಕ್ಕಳು ತಂದೆಯ ಕಡೆಗೋ ತಾಯಿಯ ಕಡೆಗೋ ವಾಲಿದ್ದರು, ಅದರಲ್ಲೂ ಮೂಲನಿವಾಸಿಗಳ ಕಡೆಗೆ ವಾಲಿದವರು ಹೆಚ್ಚು. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿದ ಮೆಂಡೆಲ್‌ರ ನಿಯಮಗಳು ವಿಜ್ಞಾನ ಲೋಕದ ಕಣ್ಣಿಗೆ ಬಿದ್ದದ್ದು 1900ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, ಪೂರ್ವಜರ ಗುಣಗಳು ಬೆರೆತು ಅಳಿದುಹೋಗುವುದಿಲ್ಲ ಎಂಬ ಸುಳಿವು ಮನುಷ್ಯರ ಅಳತೆಗಳಲ್ಲೇ ಅವರಿಗೆ ಸಿಕ್ಕಿತ್ತು.

ಈ ಸಾಧನೆಯ ವರ್ಷಗಳಲ್ಲೇ ಅವರಿಗೆ ಕಷ್ಟಗಳೂ ಬಂದವು. ಮೇಳ ಮುಗಿದ ಮೇಲೆ ಷಿಕಾಗೋದ ಕೆಲಸ ಕೈತಪ್ಪಿತು. 1894ರಲ್ಲೇ ಪುಟ್ಟ ಮಗಳೊಬ್ಬಳು ತೀರಿಕೊಂಡಳು. ನಿರುದ್ಯೋಗದ ಬಳಿಕ 1896ರಲ್ಲಿ ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಹುದ್ದೆ ದೊರೆಯಿತು. 1899ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಒಂದು ಕಪ್ಪುಚುಕ್ಕೆ

ಬೋವಾಸರ ಬದುಕಿನಲ್ಲಿ ಮುಚ್ಚಿಡಬಾರದ ಒಂದು ಘಟನೆಯೂ ಇದೆ. 1897ರಲ್ಲಿ ಅನ್ವೇಷಕ ರಾಬರ್ಟ್ ಪಿಯರಿ ಗ್ರೀನ್‌ಲ್ಯಾಂಡಿನಿಂದ ಆರು ಮಂದಿ ಇನ್ಯೂಟರನ್ನು ನ್ಯೂಯಾರ್ಕಿಗೆ ಕರೆತಂದರು. ಅಧ್ಯಯನಕ್ಕಾಗಿ ಒಬ್ಬರನ್ನು ಕರೆತರುವಂತೆ ಕೇಳಿದ್ದವರು ಬೋವಾಸ್. ಹೊಸ ಹವೆಗೂ ರೋಗಗಳಿಗೂ ಒಗ್ಗದೆ ನಾಲ್ವರು ಬೇಗನೆ ಸತ್ತರು. ಮಿನಿಕ್ ಎಂಬ ಹುಡುಗ ತಂದೆಯನ್ನು ಕಳೆದುಕೊಂಡು ಅನಾಥನಾದ. ಹುಡುಗನ ಸಮಾಧಾನಕ್ಕೆಂದು ಹುಸಿ ಅಂತ್ಯಸಂಸ್ಕಾರ ನಡೆಸಿ, ತಂದೆಯ ಅಸ್ಥಿಯನ್ನು ವಸ್ತುಸಂಗ್ರಹಾಲಯದಲ್ಲೇ ಇಟ್ಟುಕೊಳ್ಳಲಾಯಿತು. ಇದರಲ್ಲಿ ಬೋವಾಸರಿಗೂ ಪಾಲಿತ್ತು. ಆ ಅಸ್ಥಿಗಳು ಗ್ರೀನ್‌ಲ್ಯಾಂಡಿಗೆ ಮರಳಿ ಮಣ್ಣು ಸೇರಿದ್ದು 1993ರಲ್ಲಿ. ಜ್ಞಾನದ ಹಸಿವು ಎಷ್ಟೇ ದೊಡ್ಡದಾದರೂ ಎದುರಿಗಿರುವವನು ಮನುಷ್ಯ ಎಂಬುದನ್ನು ಮರೆತರೆ ಒಳ್ಳೆಯವರೂ ಎಡವುತ್ತಾರೆ ಎಂಬುದಕ್ಕೆ ಇದೊಂದು ನಿದರ್ಶನ.

ವಲಸಿಗರ ಮಕ್ಕಳ ತಲೆ ಅಳೆದಾಗ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಟಲಿ, ರಷ್ಯಾ, ಪೋಲೆಂಡ್ ಕಡೆಗಳಿಂದ ಲಕ್ಷಾಂತರ ಬಡವರು ಅಮೆರಿಕಕ್ಕೆ ಬಂದಿಳಿಯುತ್ತಿದ್ದರು. ಇವರ ಬೆರಕೆಯಿಂದ ದೇಶದ ರಕ್ತ ಕೆಡುತ್ತದೆ ಎಂಬ ಕೂಗೆದ್ದಿತು. ಸರಕಾರ ವಲಸೆ ಆಯೋಗವನ್ನು ನೇಮಿಸಿತು. ಆಯೋಗಕ್ಕಾಗಿ ಬೋವಾಸ್ 1908ರಿಂದ 1910ರವರೆಗೆ ನ್ಯೂಯಾರ್ಕಿನಲ್ಲಿ 17,821 ವಲಸಿಗರ ಮತ್ತು ಅವರ ಮಕ್ಕಳ ಅಳತೆ ತೆಗೆಸಿದರು.

ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಯನ್ನು ಆಗಿನವರು ಜನಾಂಗದ ಬದಲಾಗದ ಮುದ್ರೆ ಎಂದು ತಿಳಿದಿದ್ದರು. ಬೋವಾಸರಿಗೆ ಕಂಡದ್ದು ಬೇರೆ. ಪೂರ್ವ ಯುರೋಪಿನ ಯಹೂದಿಗಳ ತಲೆ ದುಂಡಗೆ, ಆದರೆ ಅಮೆರಿಕದಲ್ಲಿ ಹುಟ್ಟಿದ ಅವರ ಮಕ್ಕಳ ತಲೆ ತುಸು ನೀಳ. ಸಿಸಿಲಿಯವರ ತಲೆ ನೀಳ, ಅಮೆರಿಕದಲ್ಲಿ ಹುಟ್ಟಿದ ಅವರ ಮಕ್ಕಳ ತಲೆ ತುಸು ದುಂಡಗೆ. ಅದೇ ತಂದೆ ತಾಯಿಯ ಮಕ್ಕಳಲ್ಲೇ ಹಳೆಯ ನಾಡಿನಲ್ಲಿ ಹುಟ್ಟಿದವರಿಗೂ ಹೊಸ ನಾಡಿನಲ್ಲಿ ಹುಟ್ಟಿದವರಿಗೂ ವ್ಯತ್ಯಾಸ ಕಾಣಿಸಿತು. ಅಂದರೆ ದೇಹದ ರೂಪಕ್ಕೆ ವಂಶ ಮಾತ್ರ ಕಾರಣವಲ್ಲ. ಆಹಾರ, ಆರೋಗ್ಯ, ಬೆಳೆಯುವ ಪರಿಸರ ಎಲ್ಲವೂ ಅದರಲ್ಲಿ ಪಾಲು ಪಡೆಯುತ್ತವೆ.

ಬೋವಾಸ್ 1928ರಲ್ಲಿ ಈ ಅಳತೆಗಳನ್ನೆಲ್ಲ ಒಂದೂ ಬಿಡದೆ ದಪ್ಪ ಪುಸ್ತಕವಾಗಿ ಪ್ರಕಟಿಸಿದರು. ಯಾರು ಬೇಕಾದರೂ ಪರೀಕ್ಷಿಸಿ ನೋಡಲಿ ಎಂಬುದು ಅವರ ಧೋರಣೆ. ಅದರ ಫಲ ಬಹಳ ತಡವಾಗಿ ಕಂಡಿತು. 2002ರಲ್ಲಿ ಇಬ್ಬರು ವಿಜ್ಞಾನಿಗಳು ಅದೇ ಅಂಕಿಗಳನ್ನು ಕಂಪ್ಯೂಟರ್‌ಗೆ ಹಾಕಿ, ಪರಿಸರದ ಪರಿಣಾಮ ವಂಶದ ಪರಿಣಾಮಕ್ಕೆ ಹೋಲಿಸಿದರೆ ತೀರ ಚಿಕ್ಕದು ಎಂದರು. 2003ರಲ್ಲಿ ಇನ್ನೊಂದು ತಂಡ ಅವೇ ಅಂಕಿಗಳನ್ನು ಪರಿಶೀಲಿಸಿ ಬೋವಾಸರ ಮುಖ್ಯ ತೀರ್ಮಾನ ಸರಿಯೆಂದು ವಾದಿಸಿತು. ಸತ್ತು 60 ವರ್ಷಗಳಾದ ಮೇಲೂ ವಿಜ್ಞಾನಿಯೊಬ್ಬರ ಲೆಕ್ಕದ ಪುಸ್ತಕವನ್ನು ತೆರೆದು ವಾದಿಸಬಹುದು ಎಂದರೆ ಅದು ಅವರ ಪ್ರಾಮಾಣಿಕತೆಗೆ ಸಂದ ಗೌರವವೇ ಸರಿ.

ಎದುರಾಳಿಗಳು ಮತ್ತು ಕಾನೂನುಗಳು

ಅಂಕಿಗಳು ಏನೇ ಹೇಳಲಿ, ಕೇಳುವ ಮನಸ್ಸು ಎಲ್ಲರಿಗೂ ಇರಲಿಲ್ಲ. ಜರ್ಮನಿಯ ಯೂಜೆನ್ ಫಿಶರ್ ಎಂಬ ವಿದ್ವಾಂಸ ಇಂದಿನ ನಮೀಬಿಯಾ ದೇಶದ ರೆಹೋಬೋತ್‌ನಲ್ಲಿ ಯುರೋಪಿಯನ್ ಮತ್ತು ಆಫ್ರಿಕನ್ ಮೂಲದ ಮಿಶ್ರ ಸಮುದಾಯವನ್ನು ಅಧ್ಯಯನ ಮಾಡಿ 1913ರಲ್ಲಿ ಪುಸ್ತಕ ಬರೆದ. ಆ ಜನ ಆರೋಗ್ಯವಂತರು, ಮಕ್ಕಳೊಂದಿಗರು ಎಂದು ಅವನೇ ಕಂಡುಕೊಂಡಿದ್ದ. ಆದರೂ ಅವರನ್ನು ಕೀಳಾಗಿಯೇ ಇಡಬೇಕೆಂದು ಬರೆದ. ಅಮೆರಿಕದಲ್ಲಿ ಮ್ಯಾಡಿಸನ್ ಗ್ರಾಂಟ್ 1916ರಲ್ಲಿ, ಬೆರೆತರೆ ಮೇಲಿನ ಜನಾಂಗ ಕೆಳಕ್ಕಿಳಿಯುತ್ತದೆ ಎಂಬ ಅರ್ಥದ ಪುಸ್ತಕ ಪ್ರಕಟಿಸಿದ. 1929ರಲ್ಲಿ ಚಾರ್ಲ್ಸ್ ಡೇವನ್‌ಪೋರ್ಟ್, ಜಮೈಕಾದ ಮಿಶ್ರ ಸಂತಾನದವರಲ್ಲಿ ಕೈಕಾಲುಗಳ ಅಳತೆ ಒಂದಕ್ಕೊಂದು ಹೊಂದುವುದಿಲ್ಲ ಎಂದು ವಾದಿಸಿದ. ಆ ವಾದವನ್ನು ಅವನ ಪುಸ್ತಕದ ಅಂಕಿಗಳೇ ಸಮರ್ಥಿಸುತ್ತಿರಲಿಲ್ಲ.

ಇದರ ಪರಿಣಾಮ ಪುಸ್ತಕಕ್ಕೆ ಸೀಮಿತವಾಗಿ ಉಳಿಯಲಿಲ್ಲ. 1924ರ ಅಮೆರಿಕದ ವಲಸೆ ಕಾಯಿದೆ ದಕ್ಷಿಣ ಮತ್ತು ಪೂರ್ವ ಯುರೋಪಿನವರ ಸಂಖ್ಯೆಯನ್ನು ತೀವ್ರವಾಗಿ ಕಡಿತ ಮಾಡಿತು. ಭಾರತೀಯರೂ ಸೇರಿದಂತೆ ಏಷ್ಯಾದ ಬಹುತೇಕ ಜನರಿಗೆ ಬಾಗಿಲು ಮುಚ್ಚಿಯೇ ಹೋಯಿತು. ಅದೇ ವರ್ಷ ವರ್ಜೀನಿಯಾ ರಾಜ್ಯ ಬಿಳಿಯರು ಇತರರನ್ನು ಮದುವೆಯಾಗುವುದನ್ನು ತಡೆಯುವ ಕಟ್ಟುನಿಟ್ಟಿನ ಕಾನೂನು ತಂದಿತು. ಅಂಥ ಕಾನೂನುಗಳು ರದ್ದಾದದ್ದು 1967ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಜರ್ಮನಿಯಲ್ಲಿ 1937ರಲ್ಲಿ, ಮೊರಾಕೊ, ಅಲ್ಜೀರಿಯಾ, ಸೆನೆಗಲ್ ಮೊದಲಾದ ಕಡೆಗಳಿಂದ ಬಂದಿದ್ದ ಫ್ರೆಂಚ್ ಸೇನೆಯ ಸೈನಿಕರಿಗೂ ಜರ್ಮನ್ ತಾಯಂದಿರಿಗೂ ಹುಟ್ಟಿದ್ದ ನೂರಾರು ಮಕ್ಕಳಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ತಪ್ಪು ವಿಜ್ಞಾನ ಮಕ್ಕಳ ಮೈಮೇಲೆ ಕತ್ತಿಯಾಡಿಸಿದ ಕಥೆ ಇದು.

ನಮ್ಮ ದೇಶವೂ ಈ ಗಾಳಿಯಿಂದ ಹೊರತಾಗಿರಲಿಲ್ಲ. 1901ರ ಜನಗಣತಿಯ ಆಯುಕ್ತರಾಗಿದ್ದ ಹರ್ಬರ್ಟ್ ರಿಸ್ಲಿ ಭಾರತೀಯರ ಮೂಗಿನ ಅಗಲ ಅಳೆದು ಜಾತಿಗಳ ಮೇಲುಕೀಳನ್ನು ನಿರ್ಧರಿಸಬಹುದೆಂದು ನಂಬಿದ್ದರು. ನಮ್ಮ ಕೊಡಗಿನವರನ್ನು ಮರಾಠರ ಜೊತೆ ಸೇರಿಸಿ ಸಿಥಿಯನ್ ದ್ರಾವಿಡ ಮಿಶ್ರಣವೆಂದು ಹೆಸರಿಟ್ಟವರೂ ಅವರೇ. ಆ ವಿಂಗಡಣೆಯನ್ನು ಇಂದು ವಿಜ್ಞಾನಿಗಳು ಒಪ್ಪುವುದಿಲ್ಲ. ಮುಂದೆ ಪುಣೆಯಲ್ಲಿ ಹೆಸರಾಂತ ಮಾನವಶಾಸ್ತ್ರಜ್ಞೆಯಾದ ಇರಾವತಿ ಕರ್ವೆ 1920ರ ದಶಕದ ಕೊನೆಯಲ್ಲಿ ಬರ್ಲಿನ್‌ನಲ್ಲಿ ಅದೇ ಫಿಶರ್‌ನ ಕೈಕೆಳಗೆ ತಲೆಬುರುಡೆಗಳನ್ನು ಅಧ್ಯಯನ ಮಾಡಿದರು. ಬುರುಡೆಯ ಎಡಬಲಗಳ ವ್ಯತ್ಯಾಸಕ್ಕೂ ಜನಾಂಗಕ್ಕೂ ಸಂಬಂಧ ಕಾಣದು ಎಂದು ಗುರುವಿಗೆ ಹಿಡಿಸದ ಸತ್ಯವನ್ನೇ ಬರೆದ ಧೈರ್ಯ ಆ ಹೆಣ್ಣುಮಗಳದು.

ಗುರುವಾಗಿ, ಹೋರಾಟಗಾರರಾಗಿ

ಬೋವಾಸ್ 1906ರಲ್ಲಿ ಕರಿಯ ಚಿಂತಕ ಡುಬೋಯ್ಸ್ ಅವರ ಆಹ್ವಾನದ ಮೇರೆಗೆ ಅಟ್ಲಾಂಟಾ ವಿಶ್ವವಿದ್ಯಾಲಯದ ಪದವೀಧರರನ್ನು ಉದ್ದೇಶಿಸಿ ಮಾತಾಡಿದರು. ಆಫ್ರಿಕದ ಜನ ಕಬ್ಬಿಣ ಕರಗಿಸುವುದರಲ್ಲಿ, ರಾಜ್ಯ ಕಟ್ಟುವುದರಲ್ಲಿ ಎಷ್ಟು ಮುಂದಿದ್ದರೆಂದು ವಿವರಿಸಿದರು. ತಮ್ಮ ಪೂರ್ವಜರಿಗೆ ಇತಿಹಾಸವೇ ಇಲ್ಲವೆಂದು ಕಲಿತಿದ್ದ ಯುವಜನರಿಗೆ ಅದು ಹೊಸ ಸಂಗತಿ. ತಾವೇ ಬೆರಗಾಗಿ ಮೂಕರಾದೆವೆಂದು ಡುಬೋಯ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. 1911ರಲ್ಲಿ ಬಂದ ಬೋವಾಸರ ಪುಸ್ತಕ, ಬುದ್ಧಿಶಕ್ತಿಯನ್ನು ಮೈಬಣ್ಣ ನಿರ್ಧರಿಸುವುದಿಲ್ಲ ಎಂಬುದನ್ನು ವಿಸ್ತಾರವಾಗಿ ವಾದಿಸಿತು.

ಅವರ ಬಳಿ ಓದಿದವರಲ್ಲಿ ಆಲ್‌ಫ್ರೆಡ್ ಕ್ರೋಬರ್, ಎಡ್ವರ್ಡ್ ಸಪೀರ್, ರೂತ್ ಬೆನೆಡಿಕ್ಟ್, ಮಾರ್ಗರೆಟ್ ಮೀಡ್, ಜೋರಾ ನೀಲ್ ಹರ್ಸ್ಟನ್ ಮೊದಲಾದವರಿದ್ದರು. ಹೆಣ್ಣುಮಕ್ಕಳಿಗೆ ಸಂಶೋಧನೆಯ ಬಾಗಿಲು ಸುಲಭವಾಗಿ ತೆರೆಯದ ಕಾಲದಲ್ಲಿ ಅವರ ವಿಭಾಗದಲ್ಲಿ ಹೆಣ್ಣುಮಕ್ಕಳು ಡಾಕ್ಟರೇಟ್ ಪಡೆಯುತ್ತಿದ್ದರು. ಶಿಷ್ಯ ಮೆಲ್ವಿಲ್ ಹರ್ಸ್ಕೋವಿಟ್ಸ್ 1928ರಲ್ಲಿ ಅಮೆರಿಕದ ಕರಿಯರ ಮಿಶ್ರ ಪೂರ್ವಜತೆಯ ಬಗ್ಗೆ ಪುಸ್ತಕ ಬರೆದು ಗುರುವಿನ ಕೆಲಸ ಮುಂದುವರಿಸಿದರು.

ಮೊದಲ ಮಹಾಯುದ್ಧದಲ್ಲಿ ಕೆಲವು ವಿಜ್ಞಾನಿಗಳು ಸಂಶೋಧನೆಯ ನೆಪದಲ್ಲಿ ಗೂಢಚಾರಿಕೆ ನಡೆಸಿದರೆಂದು 1919ರಲ್ಲಿ ಬೋವಾಸ್ ಬಹಿರಂಗವಾಗಿ ಬರೆದರು. ಅಮೆರಿಕದ ಮಾನವಶಾಸ್ತ್ರ ಸಂಘವು ತಪ್ಪು ಮಾಡಿದವರನ್ನು ಬಿಟ್ಟು ಬೋವಾಸರ ಮೇಲೆಯೇ ಖಂಡನಾ ನಿರ್ಣಯ ಮಾಡಿತು. ಆ ನಿರ್ಣಯವನ್ನು ಸಂಘ ಹಿಂತೆಗೆದುಕೊಂಡದ್ದು 2005ರಲ್ಲಿ. ಮನೆಯಲ್ಲಿಯೂ ದುಃಖದ ಮೇಲೆ ದುಃಖ. 1924ರಲ್ಲಿ ಮಗಳು ಪೋಲಿಯೋದಿಂದ, 1925ರಲ್ಲಿ ಮಗ ರೈಲು ಅಪಘಾತದಲ್ಲಿ, 1929ರಲ್ಲಿ ಪತ್ನಿ ಕಾರು ಅಪಘಾತದಲ್ಲಿ ತೀರಿಕೊಂಡರು. 1933ರಲ್ಲಿ ನಾಜಿಗಳು ಸುಟ್ಟ ಪುಸ್ತಕಗಳಲ್ಲಿ ಬೋವಾಸರವೂ ಸೇರಿದ್ದವು. ಎಂಬತ್ತರ ವಯಸ್ಸಿನಲ್ಲೂ ಅವರು ಸುಮ್ಮನೆ ಕೂರಲಿಲ್ಲ. 1938ರಲ್ಲಿ ನಾಜಿಗಳ ಜನಾಂಗವಾದವನ್ನು ಖಂಡಿಸುವ ಹೇಳಿಕೆಗೆ 1,200ಕ್ಕೂ ಹೆಚ್ಚು ವಿಜ್ಞಾನಿಗಳ ಸಹಿ ಕೂಡಿಸುವುದರಲ್ಲಿ ಮುಂದೆ ನಿಂತರು.

ಇಂದಿನ ವಿಜ್ಞಾನ ಹೇಳುವುದೇನು?

ಬೋವಾಸರ ಕಾಲದಲ್ಲಿ ವಂಶವಾಹಿಗಳನ್ನು ಓದುವ ಸಾಧನ ಇರಲಿಲ್ಲ. ಇಂದು ಇದೆ. ಮಗು ತನ್ನ ವಂಶವಾಹಿಗಳಲ್ಲಿ ಅರ್ಧವನ್ನು ತಂದೆಯಿಂದ, ಅರ್ಧವನ್ನು ತಾಯಿಯಿಂದ ಪಡೆಯುತ್ತದೆ. ಆದರೆ ಪ್ರತಿ ಮಗುವಿಗೂ ಸಿಗುವ ಅರ್ಧ ಬೇರೆ ಬೇರೆ. ಚರ್ಮದ ಬಣ್ಣವನ್ನು ಒಂದಲ್ಲ, ಹಲವು ವಂಶವಾಹಿಗಳು ಸೇರಿ ನಿರ್ಧರಿಸುತ್ತವೆ. ಅರ್ಥವಾಗಲೆಂದು ಮೂರೇ ಜೋಡಿ ಸಮಬಲದ ವಂಶವಾಹಿಗಳಿವೆ ಎಂದುಕೊಳ್ಳೋಣ. ತಂದೆ ತಾಯಿ ಇಬ್ಬರೂ ಮೂರು ಜೋಡಿಯಲ್ಲೂ ಒಂದು ಕಪ್ಪಿನ, ಒಂದು ಬಿಳುಪಿನ ಅಂಶ ಹೊಂದಿದ ಮಿಶ್ರ ಸಂತಾನದವರಾದರೆ, ಅವರ ಮಗು ನಡು ಬಣ್ಣದ್ದಾಗುವ ಸಾಧ್ಯತೆ 64ರಲ್ಲಿ 20. ಪೂರ್ತಿ ಕಪ್ಪಾಗುವ ಸಾಧ್ಯತೆ 64ರಲ್ಲಿ 1, ಪೂರ್ತಿ ಬಿಳಿಯಾಗುವ ಸಾಧ್ಯತೆಯೂ 64ರಲ್ಲಿ 1. ಉಳಿದವು ನಡುವಿನ ನಾನಾ ಛಾಯೆಗಳು. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಬಣ್ಣದವರಾಗುವುದು ಹೀಗೆ.

ಯುರೋಪಿನವರ ತಿಳಿ ಬಣ್ಣಕ್ಕೆ ಕಾರಣವಾದ ಒಂದು ಮುಖ್ಯ ವಂಶವಾಹಿಯನ್ನು ವಿಜ್ಞಾನಿಗಳು 2005ರಲ್ಲಿ ಜೀಬ್ರಾ ಮೀನಿನ ಸಹಾಯದಿಂದ ಗುರುತಿಸಿದರು. ಅದರ ತಿಳಿ ಬಣ್ಣದ ರೂಪ ಭಾರತೀಯರಲ್ಲೂ ವ್ಯಾಪಕವಾಗಿದೆ. ಬಣ್ಣ, ಕೂದಲಿನ ಸುರುಳಿ, ಕಣ್ಣಿನ ಬಣ್ಣ, ಮೂಗಿನ ಆಕಾರ ಇವೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಬರುವುದಿಲ್ಲ. ಬಹುಪಾಲು ಪ್ರತ್ಯೇಕವಾಗಿಯೇ ಹಂಚಿಕೆಯಾಗುತ್ತವೆ. ಆದ್ದರಿಂದ ಜನಾಂಗ ಎಂಬ ಇಡೀ ಗಂಟು ಮಗುವಿನ ಮೈಯಲ್ಲಿ ಇಳಿಯುತ್ತದೆ ಎಂಬ ಹಳೆಯ ಕಲ್ಪನೆಗೆ ನೆಲೆಯಿಲ್ಲ. 1972ರಲ್ಲಿ ರಿಚರ್ಡ್ ಲೆವೊಂಟಿನ್ ಲೆಕ್ಕ ಹಾಕಿದಂತೆ, ಮನುಷ್ಯರ ಆನುವಂಶಿಕ ವ್ಯತ್ಯಾಸಗಳಲ್ಲಿ ಶೇಕಡಾ 85ರಷ್ಟು ಒಂದೇ ಜನಸಮುದಾಯದ ಒಳಗೇ ಇದೆ.

ಕೊನೆಯ ದಿನ

1942ರ ಡಿಸೆಂಬರ್ 21ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕರ ಕ್ಲಬ್ಬಿನಲ್ಲಿ ಮಧ್ಯಾಹ್ನದ ಊಟದ ಕೂಟವೊಂದು ನಡೆಯುತ್ತಿತ್ತು. ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಂಚ್ ಮಾನವಶಾಸ್ತ್ರಜ್ಞ ಪಾಲ್ ರಿವೆ ಅಂದಿನ ಅತಿಥಿ. ಯುವ ವಿದ್ವಾಂಸ ಕ್ಲಾಡ್ ಲೆವಿಸ್ಟ್ರಾಸ್ ಕೂಡ ಅಲ್ಲಿದ್ದರು. ಊಟದ ಮೇಜಿನ ಬಳಿಯೇ ಬೋವಾಸ್ ಕುಸಿದು ಕೊನೆಯುಸಿರೆಳೆದರು. ಆಗ ಅವರಿಗೆ 84 ವರ್ಷ.

ಬೋವಾಸರ ಬದುಕಿನಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದದ್ದು ಬಹಳವಿದೆ. ಎಲ್ಲರೂ ನಂಬಿದ್ದಾರೆ ಎಂಬ ಕಾರಣಕ್ಕೆ ಒಂದು ಮಾತನ್ನು ಒಪ್ಪಬಾರದು, ಪರೀಕ್ಷಿಸಿ ನೋಡಬೇಕು. ನೋಡಿದ್ದನ್ನು ಮುಚ್ಚಿಡದೆ ಇತರರ ಪರೀಕ್ಷೆಗೆ ಒಡ್ಡಬೇಕು. ಹೆಣ್ಣು ನೋಡಲು ಹೋದಾಗ ಬಣ್ಣದ ಮಾತು ಮೊದಲು ಬರುವ, ಕಪ್ಪಗೆ ಹುಟ್ಟಿದ ಮಗಳ ಬಗ್ಗೆ ತಾಯಿ ಚಿಂತಿಸುವ ಮನೆಗಳು ನಮ್ಮ ನಡುವೆ ಇಂದಿಗೂ ಇವೆ. ಬಣ್ಣ ಎಂಬುದು ಪೂರ್ವಜರ ಹಲವು ಅಂಶಗಳು ಆ ಸಲ ಹೇಗೆ ಹಂಚಿಕೆಯಾದವು ಎಂಬುದರ ಗುರುತು ಮಾತ್ರ. ಆ ಮಗಳ ಬುದ್ಧಿ, ಗುಣ, ಯೋಗ್ಯತೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅವಳ ಕೈಗೆ ಪುಸ್ತಕ ಕೊಟ್ಟು ಓದಿಸುವುದು ಮಾತ್ರ ನಮ್ಮ ಕೈಯಲ್ಲಿದೆ.